ಸಾಂಬ್ರಾದಲ್ಲಿಯೇ ಉಳಿದ ಸಿಮ್ ಕಾರ್ಡು



ನಮ್ಮ ಸಾಂಬ್ರಾ ವಿಮಾನ ನಿಲ್ದಾಣವು 1942ರಲ್ಲಿ ಬ್ರಿಟಿಷ್ ವಾಯುಪಡೆಯವರು ಕಟ್ಟಿದುದು. 2017ರ ಸೆಪ್ಟೆಂಬರಿನಲ್ಲಿ ಅದರ ಹೊಸ ಕಟ್ಟಡ ಉದ್ಘಾಟನೆಯಾದ ಮೇಲೆ, ಪರದೇಶದ ಮಕ್ಕಳ ಮನೆಗೆ ಹೊರಟ ಹಿರಿಯ ದಂಪತಿಗಳನ್ನು ಅಲ್ಲಿ ಆಗಾಗ ಕಾಣುತ್ತೇವೆ. ಇಲ್ಲಿಂದ ಬೆಂಗಳೂರನ್ನೋ ಮುಂಬಯಿಯನ್ನೋ ಸೇರಿ, ಅಲ್ಲಿಂದ ಸಮುದ್ರ ದಾಟಬೇಕು. ಶೇಂಗಾ ಚಟ್ನಿ, ಗುಳಿಗೆ, ಸ್ವೆಟರ್ ಇವೆಲ್ಲವನ್ನೂ ನೆನಪಿನಿಂದ ಕಟ್ಟಿಕೊಳ್ಳುವ ನಾವು ಜೇಬಿನ ಮೊಬೈಲಿನ ವಿಷಯದಲ್ಲಿ ಮಾತ್ರ ಯಾರೋ ಹೇಳಿದ್ದನ್ನು ನಂಬಿ ಹೊರಡುತ್ತೇವೆ.

ನಾವು ಲಂಡನ್ನಿನಲ್ಲಿರುವ ಮಗನ ಮನೆಗೆ ಹೊರಟಾಗಲೂ ಹಾಗೆಯೇ ಆಯಿತು. ನಮ್ಮ ಸಿಮ್ ಅಲ್ಲಿ ನಡೆಯದು ಎಂದು ಬಲ್ಲವರೊಬ್ಬರು ಹೇಳಿದ ಕಾರಣ, ಅದನ್ನು ತೆಗೆದು ವಿಭೂತಿಯ ಡಬ್ಬಿಯ ಪಕ್ಕದಲ್ಲಿಟ್ಟು ಮನೆಗೆ ಬೀಗ ಹಾಕಿದೆವು. ಲಂಡನ್ನಿನಲ್ಲಿ ಮಗನು ಅಲ್ಲಿಯ ಸಿಮ್ ಹಾಕಿಕೊಟ್ಟನು. ಆಶ್ಚರ್ಯವೆಂದರೆ, ಸಿಮ್ ಬದಲಾದರೂ ವಾಟ್ಸಾಪ್ ನಮ್ಮ ಹಳೆಯ ಸಂಖ್ಯೆಯ ಮೇಲೆಯೇ ನಡೆಯಿತು. ಊರಿನವರ ಮಾತು, ಚಿತ್ರ, ಸುದ್ದಿ ನಿತ್ಯವೂ ಬರುತ್ತಿದ್ದುದರಿಂದ ನಮ್ಮ ಸಂಖ್ಯೆಯು ನಮ್ಮೊಡನೆಯೇ ಇದೆಯೆಂಬ ಭ್ರಮೆಯಲ್ಲಿ ಹದಿನೈದು ದಿನ ಕಳೆದೆವು.

ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ದರ್ಶನಕ್ಕೆ ಹೋದ ದಿನ ಖಾನಾಪುರದಿಂದ ಕರೆ ಬಂದಿತು. ಅಕ್ಕನವರನ್ನು ಬೆಳಗಾವಿಯ ಆಸ್ಪತ್ರೆಗೆ ಸೇರಿಸಲಾಗಿತ್ತು. ಅಂದೇ ರಾತ್ರಿ ಶಸ್ತ್ರಚಿಕಿತ್ಸೆ, ಅದಕ್ಕೆ ಮೊದಲು ಹಣ ಕಟ್ಟಬೇಕು. ಅವರಿಗೆ ನಾವಲ್ಲದೆ ಆಸರೆಯಿಲ್ಲ. ಹಣ ನಮ್ಮ ಖಾತೆಯಲ್ಲಿತ್ತು, ಮೊಬೈಲಿನಲ್ಲಿ ಇಂಟರ್ನೆಟ್ಟೂ ಇತ್ತು. ಬ್ಯಾಂಕು ಒಟಿಪಿ ಕಳುಹಿಸಿದ್ದೇನೆ ಎಂದಿತು; ಎಷ್ಟು ಕಾದರೂ ಬರಲಿಲ್ಲ.

“ಅಪ್ಪಾರ, ನಿಮ್ಮ ಊರಿನ ಸಿಮ್ ಎಲ್ಲೈತ್ರಿ?” ಎಂದು ಮಗನು ಕೇಳಿದಾಗಲೇ ನಮಗೆ ಅರಿವಾದುದು. ಅವನು ಅಲ್ಲಿಂದ ಕಳುಹಿಸುವ ಹಣ ಅಂದೇ ತಲುಪುವ ಭರವಸೆಯಿರಲಿಲ್ಲ. ಮನೆಯ ಕೀಲಿಯಿದ್ದ ನೆರೆಯವರು ಮದುವೆಗೆ ಹೋಗಿದ್ದರು. ಅವರು ಮರಳಿ, ಬೀಗ ತೆಗೆದು, ನಮ್ಮ ಸಿಮ್ಮನ್ನು ತಮ್ಮ ಮೊಬೈಲಿಗೆ ಹಾಕಿ, ಬಂದ ಅಂಕಿಗಳನ್ನು ಓದಿ ಹೇಳುವ ಹೊತ್ತಿಗೆ ಸಾಂಬ್ರಾದಲ್ಲಿ ರಾತ್ರಿ ಹನ್ನೊಂದೂವರೆ, ಲಂಡನ್ನಿನಲ್ಲಿ ಸಂಜೆ ಏಳು. ಒಟಿಪಿಯನ್ನು ಯಾರಿಗೂ ಹೇಳಬೇಡಿರೆಂದು ಊರಿಗೆಲ್ಲ ಉಪದೇಶಿಸುತ್ತಿದ್ದ ನಾವು ಅದನ್ನು ಬೇರೊಬ್ಬರ ಬಾಯಿಂದ ಕೇಳಿ ಬರೆದುಕೊಂಡೆವು. ಅಕ್ಕನವರು ಒಂಬತ್ತನೆಯ ದಿನ ಖಾನಾಪುರಕ್ಕೆ ಮರಳಿದರು. ಆ ನಾಲ್ಕು ತಾಸುಗಳ ಸಂಕಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಪರದೇಶದಲ್ಲಿ ಇಂಟರ್ನೆಟ್ ದೊರೆಯುವುದು ಬೇರೆ, ನಮ್ಮ ಸಂಖ್ಯೆ ಜೀವಂತವಾಗಿರುವುದು ಬೇರೆ. ಇವೆರಡನ್ನೂ ಸಾಂಬ್ರಾ ಬಿಡುವ ಮೊದಲೇ ಏರ್ಪಡಿಸಿಕೊಳ್ಳಬೇಕು.

ನಮ್ಮ ಸಿಮ್ಮಿನಲ್ಲಿಯೇ ಅಂತರರಾಷ್ಟ್ರೀಯ ರೋಮಿಂಗ್ ಪ್ಯಾಕ್ ಹಾಕಿಸಿಕೊಳ್ಳುವುದು ಸರಳ, ಆದರೆ ದುಬಾರಿ. ವಾರದ ಪ್ರವಾಸಕ್ಕೆ ಸರಿ, ತಿಂಗಳುಗಟ್ಟಲೆ ಇರುವವರಿಗೆ ಹೊರೆ. ಪ್ಯಾಕ್ ಇಲ್ಲದೆ ಡೇಟಾ ರೋಮಿಂಗ್ ತೆರೆದಿಟ್ಟರೆ, ನಾವು ಮುಟ್ಟದಿದ್ದರೂ ಮೊಬೈಲು ತಾನಾಗಿಯೇ ಇಂಟರ್ನೆಟ್ ಬಳಸಿ ಬಿಲ್ಲನ್ನು ಬೆಳೆಸುತ್ತದೆ. ಹೆಚ್ಚು ದಿನ ಇರುವವರಿಗೆ ಆ ದೇಶದ ಸಿಮ್ ಅಗ್ಗ. ಇನ್ನು ಇ-ಸಿಮ್ ಎಂಬುದುಂಟು. ಇದಕ್ಕೆ ಕಾರ್ಡೇ ಇಲ್ಲ. ಹೊರಡುವ ಮೊದಲೇ ಕೊಂಡು, ಕ್ಯೂಆರ್ ಚೌಕವನ್ನು ಮೊಬೈಲಿಗೆ ತೋರಿಸಿದರೆ ಒಳಗೆ ಕುಳಿತುಕೊಳ್ಳುತ್ತದೆ. ಎಲ್ಲ ಮೊಬೈಲುಗಳಲ್ಲಿಯೂ ಈ ಸೌಕರ್ಯವಿಲ್ಲ, ನೋಡಿಕೊಳ್ಳಬೇಕು.

ನಮಗೆ ಹಿಡಿಸಿದ ಕ್ರಮವಿದು: ಊರಿನ ಸಿಮ್ ತನ್ನ ಸ್ಥಾನದಲ್ಲಿಯೇ ಇರಲಿ, ಇಂಟರ್ನೆಟ್ಟಿಗೆ ಪರದೇಶದ ಇ-ಸಿಮ್ ಇರಲಿ. ಊರಿನ ಸಿಮ್ಮಿನಲ್ಲಿ ರೋಮಿಂಗ್ ಸೇವೆಯನ್ನು ಮೊದಲೇ ತೆರೆಸಿ, ಅದರ ಡೇಟಾ ರೋಮಿಂಗನ್ನು ಮಾತ್ರ ಮುಚ್ಚಬೇಕು. ಆಗ ಬ್ಯಾಂಕಿನ ಸಂದೇಶಗಳು ಬರುತ್ತವೆ, ಸಾಮಾನ್ಯವಾಗಿ ಅವಕ್ಕೆ ಶುಲ್ಕವಿರುವುದಿಲ್ಲ. ಆ ಸಂಖ್ಯೆಗೆ ಬಂದ ಕರೆಯನ್ನು ಎತ್ತಿದರೆ ಮಾತ್ರ ಹಣ ಹೋಗುತ್ತದೆ.

ಅಮೆರಿಕೆಯ ಮಕ್ಕಳು ಪ್ರೀತಿಯಿಂದ ಕಳುಹಿಸುವ ಐಫೋನುಗಳ ವಿಷಯವೊಂದಿದೆ. 2022ರಲ್ಲಿ ಬಂದ ಐಫೋನ್ 14ರಿಂದೀಚೆಗೆ ಅಲ್ಲಿ ಮಾರುವ ಐಫೋನುಗಳಲ್ಲಿ ಸಿಮ್ ಹಾಕುವ ಕಿಂಡಿಯೇ ಇಲ್ಲ. ಅಂಥದನ್ನು ಬಳಸುವವರು ಊರಿನ ಸಂಖ್ಯೆಯನ್ನೂ ಇ-ಸಿಮ್ಮಿಗೆ ಬದಲಾಯಿಸಿಕೊಂಡೇ ಹೊರಡಬೇಕು.

ಆರು ತಿಂಗಳು ಇದ್ದು ಬರುವ ತಾಯಿತಂದೆಗಳು ಇನ್ನೊಂದನ್ನು ಗಮನಿಸಲಿ. ಮುಂಗಡ ರೀಚಾರ್ಜಿನ ಸಂಖ್ಯೆಯನ್ನು 90 ದಿನ ಬಳಸದಿದ್ದರೆ ಕಂಪನಿಯು ಅದನ್ನು ರದ್ದುಗೊಳಿಸಬಹುದು. ಮುಂದೆ ಅದು ಬೇರೊಬ್ಬರ ಪಾಲಾಗಲೂಬಹುದು. ಆದ್ದರಿಂದ ಊರಿನಲ್ಲಿರುವ ಯಾರಾದರೂ ರೀಚಾರ್ಜ್ ಮಾಡಿಸುತ್ತಿರಲಿ.

ದುಬೈ ಮಾರ್ಗವಾಗಿ ಹೋಗುವವರಿಗೆ ನಿಲ್ದಾಣದಲ್ಲಿ ಉಚಿತ ವೈಫೈ ದೊರೆಯುತ್ತದೆ. ಆದರೆ ಆ ದೇಶದಲ್ಲಿ ವಾಟ್ಸಾಪಿನ ಮೂಲಕ ಮಾತನಾಡುವುದಕ್ಕೆ ನಿರ್ಬಂಧವಿದೆ. ಕರೆ ಹೋಗದಿದ್ದರೆ ಗಾಬರಿಯಾಗಬೇಡಿರಿ. ಬರೆದು ಕಳುಹಿಸಿರಿ, ಅದು ತಲುಪುತ್ತದೆ. ಮಕ್ಕಳ ಸಂಖ್ಯೆ ಮತ್ತು ವಿಳಾಸವನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟಿನೊಳಗೆ ಇಟ್ಟುಕೊಳ್ಳಿರಿ. ಮೊಬೈಲಿನ ಬ್ಯಾಟರಿ ಮುಗಿದರೆ ಅದರೊಳಗಿನ ಸಂಖ್ಯೆಯೂ ಕೈಗೆ ಸಿಗದು.