ಮರೆವು ಅಮ್ಮನದು, ಅಲೆದಾಟ ನಮ್ಮದು: ಇನ್ನು ಸಾಕು!

ಅಕ್ಕಂದಿರೇ, ಅಣ್ಣಂದಿರೇ! ಮರೆವಿನ ಕಾಯಿಲೆ ಹಿಡಿದ ಅಪ್ಪ, ಅಮ್ಮ, ಅತ್ತೆ, ಚಿಕ್ಕಮ್ಮ ಒಂಟಿಯಾಗಿರುವ ಮನೆಗೂ ನಿಮ್ಮ ಮನೆಗೂ ನಡುವೆ ಓಡಾಡಿ ಸೋತವರೇ! ಇದು ನಿಮಗಾಗಿ.

ಫೋನ್ ಬಂದರೂ ಭಯ, ಬಾರದಿದ್ದರೂ ಭಯ. ಗ್ಯಾಸ್ ಆರಿಸಿದರೋ ಇಲ್ಲವೋ! ಮಾತ್ರೆ ಬಿಟ್ಟರೋ, ಎರಡೆರಡು ಸಲ ನುಂಗಿದರೋ! ಬಾಗಿಲು ತೆರೆದಿಟ್ಟು ಎತ್ತ ಹೊರಟರೋ! ಕೈ ಕೆಲಸದಲ್ಲಿದ್ದರೂ ಜೀವವೆಲ್ಲ ಆ ಮನೆಯಲ್ಲೇ.

ಹೋಗಿ ನೋಡಿದರೆ ಫ್ರಿಜ್ ತುಂಬ ತೆರೆಯದ ಹಾಲಿನ ಪ್ಯಾಕೆಟ್. ತಳ ಸೀದ ಕುಕ್ಕರ್ ಹಳೇ ಸೀರೆಯಲ್ಲಿ ಸುತ್ತಿಕೊಂಡು ಮಂಚದ ಕೆಳಗೆ. "ಊಟ ಆಯ್ತಾ ಅಮ್ಮ?" ಅಂದರೆ "ಆಗಲೇ ಆಯ್ತಲ್ಲ" ಅನ್ನುತ್ತಾರೆ. ನಿನ್ನೆಯ ಅನ್ನ ಪಾತ್ರೆಯಲ್ಲಿ ಹಾಗೇ ಇದೆ! "ನಮ್ಮನೇಗೆ ಬಾರಮ್ಮ" ಅಂದರೆ "ನನಗೇನಾಗಿದೆ? ನನ್ನ ಮನೆ ಬಿಟ್ಟು ಬರಲ್ಲ!" ಜೊತೆಗಿರಲು ಒಬ್ಬಾಕೆಯನ್ನು ಗೊತ್ತು ಮಾಡಿದರೆ ಕಳ್ಳಿ ಅಂತ ಓಡಿಸುತ್ತಾರೆ. ಕೊನೆಗೆ "ನನ್ನ ಬಳೆ ನೀನೇ ತಗೊಂಡೆ" ಅಂತ ನಮ್ಮ ಮೇಲೇ ಹೊರಿಸುತ್ತಾರೆ. ಅದು ಕಾಯಿಲೆಯ ಮಾತು, ಗೊತ್ತು. ಗೊತ್ತಿದ್ದೂ ಕರುಳು ಕಿವುಚುತ್ತದೆ!

ಮೇಲಿಂದ ಊರವರ ಬಾಯಿ. "ಹೆತ್ತ ತಾಯಿಯನ್ನ ಒಬ್ಬಳನ್ನೇ ಬಿಟ್ಟಿದ್ದಾಳೆ ನೋಡಿ!" ದೂರದ ತಮ್ಮ ವಿಡಿಯೊ ಕಾಲ್ ಮಾಡಿ "ಅಮ್ಮ ಚೆನ್ನಾಗೇ ಮಾತಾಡಿದ್ರಲ್ಲ, ನೀನು ಸುಮ್ಮನೆ ಗಾಬರಿ ಬೀಳ್ತೀಯ" ಅನ್ನುತ್ತಾನೆ. ಅವನಿಗೆ ಕಾಣುವುದು ನಗುಮುಖ. ಒದ್ದೆ ಹಾಸಿಗೆ ಬದಲಾಯಿಸುವವರು ನಾವು!

ಬ್ಯಾಂಕಿಗೆ ಬನ್ನಿ. ನಮ್ಮಮ್ಮ ಶಾಲೆಯಲ್ಲಿ ಟೀಚರಾಗಿದ್ದವರು. ಕೌಂಟರಿನಲ್ಲಿ ಮದುವೆಗೆ ಮುಂಚಿನ ಇನಿಷಿಯಲ್ ಹಾಕಿ ಸಹಿ ಮಾಡಿದರು. "ಸಹಿ ತಾಳೆ ಆಗ್ತಿಲ್ಲ, ಇನ್ನೊಂದು ಸಲ ಮಾಡಿ ಅಜ್ಜಿ." ಮತ್ತೆ ಅದೇ ಸಹಿ. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಅಮ್ಮ ಪೆನ್ನು ಕೆಳಗಿಟ್ಟು ಅತ್ತುಬಿಟ್ಟರು. ದುಡ್ಡು ಅವರದೇ, ಔಷಧಿಯೂ ಅವರಿಗೇ! ಬರಿಗೈಲಿ ವಾಪಸ್ ಬಂದೆವು.

70 ದಾಟಿದವರ ಮನೆಬಾಗಿಲಿಗೇ ಹೋಗಿ ಹಣ ಕೊಡಿ, ಪಿಂಚಣಿದಾರರ ಜೀವಂತ ಪ್ರಮಾಣಪತ್ರ ಪಡೆಯಿರಿ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಶಾಖೆಗಳಲ್ಲಿ ಪ್ರಚಾರ ಮಾಡಿ ಅಂತಲೂ ಹೇಳಿದೆ. ನಿಮಗೆ ಯಾರಾದರೂ ಹೇಳಿದರೇ?

"ಪವರ್ ಆಫ್ ಅಟಾರ್ನಿ ಮಾಡಿಸಿ" ಅನ್ನುತ್ತಾರೆ. ಬರೆದುಕೊಟ್ಟವರ ಬುದ್ಧಿ ಸ್ತಿಮಿತ ತಪ್ಪಿದರೆ ಅದು ಊರ್ಜಿತವಲ್ಲ. 1872ರ ಕರಾರು ಕಾಯ್ದೆ ಹಾಗೆನ್ನುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೂ ಇಂಥ ಹಿರಿಯರ ಹಣ, ಆಸ್ತಿ ನೋಡಿಕೊಳ್ಳಲು ಪಾಲಕರನ್ನು ನೇಮಿಸುವ ದಾರಿಯಿಲ್ಲ. ಹೈಕೋರ್ಟಿಗೆ ರಿಟ್ ಹಾಕಬೇಕು! ತಾಯಿಯ ಔಷಧಿಗೆ ತಾಯಿಯದೇ ದುಡ್ಡು ತೆಗೆಯಲು ಹೈಕೋರ್ಟು! ಕೂಲಿ ಬಿಟ್ಟು, ರಜೆ ಹಾಕಿ ಅಲೆಯುವವರು ಯಾರು? ಮಗಳು. ಸೊಸೆ. ನೀವು. ನಾವು!

ನಾವು ಒಬ್ಬಿಬ್ಬರಲ್ಲ. 60 ದಾಟಿದ ಭಾರತೀಯರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ, ಅಂದರೆ ಈ ಮರೆವಿನ ಕಾಯಿಲೆ, ಇದೆ ಅಂತ 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ಒಬ್ಬೊಬ್ಬರ ಹಿಂದೆಯೂ ನಿದ್ದೆಗೆಟ್ಟ ಒಂದು ಮನೆಯಿದೆ. ಆದರೂ ಪ್ರತಿ ಮನೆ ಬಾಗಿಲು ಮುಚ್ಚಿಕೊಂಡು ಅಳುತ್ತಿದೆ. ಯಾಕೆ? ಅಮ್ಮನ ಮಾನ ಹೋಗುತ್ತದೆಂದು! ಕಾಯಿಲೆಯಿಂದ ಮಾನ ಹೋಗುವುದಿಲ್ಲ. ಕೌಂಟರಿನಲ್ಲಿ ನಿಲ್ಲಿಸಿ ಅಳಿಸುವುದು ಮಾನಗೇಡು!

ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಜಿಲ್ಲಾಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಶುರು ಮಾಡಿದೆ. ಒಳ್ಳೆಯದು. ಆದರೆ ಬಸ್ಸು ಹತ್ತಲೂ ಒಪ್ಪದ ಹಿರಿಯರನ್ನು ಜಿಲ್ಲಾ ಕೇಂದ್ರಕ್ಕೆ ಹೇಗೆ ಕರೆದೊಯ್ಯುವುದು? ಚಿಕಿತ್ಸೆ ತಾಲ್ಲೂಕಿಗೆ ಬರಲಿ!

ನಾವು ಕೇಳುವುದು ಇಷ್ಟೇ:

1. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಮರೆವಿನ ಕ್ಲಿನಿಕ್.
2. ತಾಲ್ಲೂಕಿಗೊಂದು ಹಗಲು ಆರೈಕೆ ಕೇಂದ್ರ. ನಾವು ದುಡಿಯುವ ಹೊತ್ತು ಹಿರಿಯರು ಅಲ್ಲಿ ಸುರಕ್ಷಿತವಾಗಿರಲಿ.
3. ಒಂಟಿ ಹಿರಿಯರ ಮನೆಗೆ ಆಶಾ ಕಾರ್ಯಕರ್ತೆಯ ಭೇಟಿ. ಅದಕ್ಕೆ ಆಕೆಗೆ ತರಬೇತಿ ಮತ್ತು ಪ್ರತ್ಯೇಕ ಹಣ.
4. ಪ್ರತಿ ಬ್ಯಾಂಕ್ ಶಾಖೆಯಲ್ಲೂ ಮನೆಬಾಗಿಲ ಸೇವೆಯ ಬೋರ್ಡು. ಕೇಳಿದವರಿಗೆ ತಪ್ಪದೆ ಸೇವೆ.
5. ಪಾಲಕರ ನೇಮಕ ಜಿಲ್ಲೆಯಲ್ಲೇ, ಕಡಿಮೆ ಖರ್ಚಿನಲ್ಲಿ ಆಗುವಂಥ ಕಾನೂನು.

ಅಲ್ಲಿಯವರೆಗೆ ನೀವು ಇವತ್ತೇ ಮಾಡಬಹುದಾದದ್ದು ಕೇಳಿ. ವಯಸ್ಸಾಯ್ತು, ಅರಳುಮರಳು ಅಂತ ಸುಮ್ಮನಾಗಬೇಡಿ, ಡಾಕ್ಟರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಮದ್ದಿದೆ. ಹಿರಿಯರಿಗೆ ತಿಳಿವಳಿಕೆ ಇರುವಾಗಲೇ, ಅವರ ಒಪ್ಪಿಗೆಯಿಂದ, ಜಂಟಿ ಖಾತೆ ಮಾಡಿಸಿ. ಅವರ ಜೇಬಿನಲ್ಲಿ, ಸೆರಗಿನ ಅಂಚಿನಲ್ಲಿ ನಿಮ್ಮ ಫೋನ್ ನಂಬರ್ ಹೊಲಿದಿಡಿ. ಕಾಣೆಯಾದರೆ ಕೂಡಲೇ 112. ಫೋನಿನಲ್ಲಿ ಮೋಸ ಮಾಡಿ ಹಣ ಎಳೆದರೆ 1930. ಹಿರಿಯರ ಸಹಾಯವಾಣಿ 14567. ಮನಸ್ಸು ಕುಸಿದಿದೆಯೇ? ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅದು ನಿಮಗೂ ಇದೆ!

ಅಕ್ಕಪಕ್ಕದವರೇ, ಆಡಿಕೊಳ್ಳುವುದು ಬಿಡಿ! ದಿನಕ್ಕೊಮ್ಮೆ ಬಾಗಿಲು ತಟ್ಟಿ "ಕಾಫಿ ಆಯ್ತಾ?" ಅನ್ನಿ. ತಮ್ಮಂದಿರೇ, ಸಲಹೆ ಸಾಕು! ಒಂದು ತಿಂಗಳು ಬಂದು ಇರಿ, ಅಥವಾ ಜೊತೆಗಿರುವಾಕೆಯ ಸಂಬಳ ಕಳಿಸಿ.

ಸೆಪ್ಟೆಂಬರ್ 21 ವಿಶ್ವ ಆಲ್ಝೈಮರ್ ದಿನ. ಅಂದು ತಾಲ್ಲೂಕು ಕಚೇರಿಗೆ ಬನ್ನಿ. ಮನೆಯಲ್ಲಿ ಹಿರಿಯರನ್ನು ಬಿಟ್ಟು ಬರಲಾಗದವರು ಮನವಿಗೆ ಸಹಿ ಹಾಕಿ ಕಳಿಸಿ. ಕಚೇರಿಗೆ ಅಂದು ರಜೆಯಿದ್ದರೆ ಮಾರನೆಯ ದಿನ ಬನ್ನಿ. ಒಬ್ಬೊಬ್ಬರೇ ಹೋದರೆ "ನಾಳೆ ಬನ್ನಿ" ಅನ್ನುತ್ತಾರೆ. ನೂರು ಮನೆಯವರು ಒಟ್ಟಿಗೆ ಹೋದರೆ ಕುರ್ಚಿ ಬಿಟ್ಟು ಎದ್ದು ಬರುತ್ತಾರೆ!

ಈ ಕರಪತ್ರ ಓದಿ ಬಿಸಾಡಬೇಡಿ. ಇಂಥದೇ ಕಷ್ಟದ ಇನ್ನೊಂದು ಮನೆಗೆ ಕೊಡಿ. ಆ ಮನೆಯವರನ್ನೂ ಜೊತೆಗೆ ಕರೆತನ್ನಿ!

– ಮರೆವಿನ ಕಾಯಿಲೆಯ ಹಿರಿಯರ ಮನೆಮಂದಿ