ಏಳು ನೂರು ರೂಪಾಯಿಯ ಕಡಬು, ಏಳು ರೂಪಾಯಿಯ ರೊಟ್ಟಿ

ಕಳೆದ ತಿಂಗಳು ಒಂದು ತರಬೇತಿಗೆಂದು ನಾವು ಮೂವರು ವರದಿಗಾರರು ಘಟಪ್ರಭಾದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿದ್ದೆವು. ನಮ್ಮ ಜತೆ ಡಿಪ್ಲೊಮಾ ಓದಿದ ಗೆಳೆಯನೊಬ್ಬ ಈಗ ಅಲ್ಲಿ ಕಂಪನಿ ಕೆಲಸದಲ್ಲಿದ್ದಾನೆ. ಅವನಿಗೆಂದು ಊರಿಂದ ಕರದಂಟು ಒಯ್ದಿದ್ದೆವು. ಅವನು ನಮ್ಮನ್ನು ರಾತ್ರಿ ಊಟಕ್ಕೆ ಕರೆದುಕೊಂಡು ಹೋದ.

ಎಂ.ಜಿ. ರಸ್ತೆ ಕಡೆಯ ದೊಡ್ಡ ರೆಸ್ಟೋರೆಂಟ್ ಅದು. ಒಳಗೆ ಮಂದ ಬೆಳಕು, ಸಣ್ಣಗೆ ಸಂಗೀತ, ಬಾಗಿಲಲ್ಲಿ ನಮಸ್ಕಾರ ಮಾಡುವ ಹುಡುಗಿ. ಚೀನಾದ ಕ್ಯಾಂಟನ್ ಕಡೆಯ ಊಟ ಸಿಗುವ ಜಾಗ ಎಂದ ಗೆಳೆಯ. ನಮ್ಮಲ್ಲೊಬ್ಬ ಮೆಲ್ಲಗೆ ಕೇಳಿದ, "ಗೋಬಿ ಮಂಚೂರಿ ಇರ್ತೈತೇನೋ?" ಗೆಳೆಯ ನಕ್ಕ. "ಇಲ್ಲಿ ಹಂಗ ಕೇಳಬ್ಯಾಡಲೇ."

ಆದರೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗೋಕಾಕದಲ್ಲಿ ಸಂಜೆ ಹೊತ್ತು ಗಾಡಿ ಮುಂದೆ ನಿಂತು ಚೈನೀಸ್ ತಿಂದವರಿಗೆ ಗೊತ್ತಿರುವುದು ಅದೊಂದೇ. ನಾವು ಮಂಚೂರಿ ಎನ್ನುವುದು ಚೀನಾದ ತಿಂಡಿಯೇ ಅಲ್ಲ. ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ ಎಂಬ ಬಾಣಸಿಗ 1975ರ ಸುಮಾರಿಗೆ ಮುಂಬೈಯಲ್ಲಿ ಚಿಕನ್ ಮಂಚೂರಿಯನ್ ಮಾಡಿದ. ಕೋಳಿಯ ಜಾಗಕ್ಕೆ ಆಮೇಲೆ ಹೂಕೋಸು ಬಂತು. ಮಂಚೂರಿಯಾ ಚೀನಾದ ಉತ್ತರದ ತುದಿ. ಕ್ಯಾಂಟನ್, ಅಂದರೆ ಈಗಿನ ಗುವಾಂಗ್‌ಝೌ, ದಕ್ಷಿಣದ ಕಡಲ ಕಡೆ, ಹಾಂಗ್‌ಕಾಂಗ್ ಪಕ್ಕ.

ಆ ಕ್ಯಾಂಟನ್ ಕಡೆಯ ಜನ ಬೆಳಗ್ಗೆ ಚಹಾದ ಅಂಗಡಿಗೆ ಹೋಗಿ, ಚಹಾ ಕುಡಿಯುತ್ತಾ ಸಣ್ಣ ಸಣ್ಣ ತಿಂಡಿ ತಿನ್ನುತ್ತಾರೆ. ಆ ತಿಂಡಿಗಳಿಗೆ ಡಿಮ್ ಸಮ್ ಎಂದು ಹೆಸರು. ಅಕ್ಷರ ಬಿಡಿಸಿ ಹೇಳಿದರೆ ಮನಸ್ಸು ಮುಟ್ಟುವುದು ಎಂಬ ಅರ್ಥ ಬರುತ್ತದೆ. ಮನೆಮಂದಿ, ಮುದುಕರು, ಮಕ್ಕಳು ಕೂತು ತಾಸುಗಟ್ಟಲೆ ಮಾತಾಡುವ ಜಾಗ ಅದು. ನಮ್ಮೂರ ಬಸ್ ಸ್ಟ್ಯಾಂಡ್ ಬಾಜೂಕಿನ ಚಹಾದಂಗಡಿಗೆ ಹತ್ತಿರದ್ದು. ಬೆಂಗಳೂರಿಗೆ ಬರುವಷ್ಟರಲ್ಲಿ ಅದು ರಾತ್ರಿಯ ಊಟವಾಗಿದೆ, ಚಹಾದ ಜಾಗಕ್ಕೆ ಕಾಕ್‌ಟೇಲ್ ಬಂದಿದೆ.

ಬಿದಿರಿನ ಸಣ್ಣ ಬುಟ್ಟಿ ಬಂತು. ಮುಚ್ಚಳ ತೆಗೆದರೆ ಹಬೆ. ಒಳಗೆ ಮೂರೇ ಮೂರು ಕಡಬು. ನಾವು ಕಡಬು ಎಂದೇ ಕರೆಯುತ್ತೇವೆ, ಏಕೆಂದರೆ ಅದು ಕಡಬೇ. ಮುಂಡಗೋಡದ ಟಿಬೆಟಿಯನ್ ಕ್ಯಾಂಪ್ ಕಡೆ ಹೋದವರು ಮೊಮೊ ತಿಂದಿರುತ್ತೀರಿ, ಅದರ ದಾಯಾದಿ ಎನ್ನಿ. ಆದರೆ ಇದರ ಮೈ ಗಾಜಿನ ಹಾಗೆ. ಒಳಗಿನ ಸೀಗಡಿಯ ಕೆಂಪು ಹೊರಗೆ ಕಾಣುತ್ತದೆ. ನಮ್ಮಲ್ಲಿ ಶಾಕಾಹಾರಿಗೆ ಅಣಬೆ ಮತ್ತು ಕಮಲದ ದಂಟಿನದು ಬಂತು.

ಬಡಿಸುತ್ತಿದ್ದ ಹುಡುಗ ನಮ್ಮ ಮಾತು ಕೇಳಿ ನಿಂತ. "ಸರ್, ಬೆಳಗಾಂವ ಕಡೇದವ್ರೇನ್ರಿ?"

"ಗೋಕಾಕ. ನೀ ಎಲ್ಲಿಯವನೋ ತಮ್ಮಾ?"

"ರಾಯಬಾಗ ಬಾಜೂಕ್ರಿ ಅಣ್ಣಾರ."

ಅಲ್ಲಿಂದ ಮುಂದೆ ಊಟದ ರುಚಿಯೇ ಬೇರೆಯಾಯಿತು. ಇದು ಹೇಗೆ ಮಾಡುತ್ತಾರೆ ಎಂದು ಕೇಳಿದೆವು. ಅವನು ಹೇಳಿದ್ದು ನಮ್ಮನ್ನು ಬೆಚ್ಚಿಬೀಳಿಸಿತು. "ಇದು ಮೈದಾ ಅಲ್ರಿ ಅಣ್ಣಾರ. ಗೋಧಿ ಹಿಟ್ಟಿನ ಜಿಗಿ ಎಲ್ಲಾ ತೊಳದು ತಗದ ಮ್ಯಾಲೆ ಉಳಿಯೋ ಬಿಳಿ ಪುಡಿ. ತಣ್ಣೀರು ಹಾಕಿದ್ರ ಕೂಡೂದಿಲ್ಲ. ಕುದಿಯೋ ನೀರ ಹಾಕ್ಬೇಕು. ನಮ್ಮವ್ವ ಜ್ವಾಳದ ಹಿಟ್ಟಿಗೆ ಎಸರು ಹಾಕ್ತಾಳಲ್ರಿ, ಹಂಗ."

ಯೋಚಿಸಿ ನೋಡಿ. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಜಿಗಿ ಇರುವುದಿಲ್ಲ. ಅದಕ್ಕೇ ನಮ್ಮ ಅವ್ವಂದಿರು ಎಸರು ಹಾಕಿ, ಕೈ ಸುಡುವಾಗಲೇ ನಾದಿ, ಹರಿಯದಂತೆ ರೊಟ್ಟಿ ಬಡಿಯುತ್ತಾರೆ. ಸಾವಿರಾರು ಮೈಲಿ ದೂರದ ಕ್ಯಾಂಟನ್‌ನ ಬಾಣಸಿಗ ಕಂಡುಕೊಂಡದ್ದೂ ಅದೇ ಉಪಾಯ. ಒಂದೊಂದು ಕಡಬಿಗೆ ಏಳಕ್ಕಿಂತ ಕಡಿಮೆ ಮಡಿಕೆ ಇರಬಾರದು ಎಂಬುದು ಆ ಕಸುಬಿನವರ ಹಳೆಯ ಮಾತಂತೆ. ಹಿಟ್ಟು ಆರುವುದರೊಳಗೆ ಮಡಚಬೇಕು. ಬರೀ ಇದನ್ನು ಕಲಿಯಲು ವರ್ಷಗಳು ಬೇಕು. ರೊಟ್ಟಿ ತೆಳ್ಳಗೆ, ದುಂಡಗೆ, ಅಂಚು ಸೀಳದಂತೆ ಬಡಿಯುವುದಕ್ಕೂ ವರ್ಷಗಳು ಬೇಕು. ಅನುಮಾನ ಇದ್ದವರು ಇವತ್ತು ರಾತ್ರಿ ಮನೆಯಲ್ಲಿ ಪರಾತದ ಮುಂದೆ ಕೂತು ನೋಡಿ.

ಆ ಮೂರು ಕಡಬಿನ ಬುಟ್ಟಿಗೆ 700 ರೂಪಾಯಿ. ಒಂದು ಕಾಕ್‌ಟೇಲ್‌ಗೆ 900ರ ಹತ್ತಿರ. ನಾಲ್ಕು ಜನರ ಬಿಲ್ಲು ತೆರಿಗೆ ಸೇರಿ ಹತ್ತು ಸಾವಿರ ದಾಟಿತು. ಗೆಳೆಯ ಮೊಬೈಲ್ ತೋರಿಸಿ ಕೊಟ್ಟ. ಯಾರೂ ಚೌಕಾಶಿ ಮಾಡಲಿಲ್ಲ. ಒಂದು ಕಡಬು ಕಡಿಮೆ ದರಕ್ಕೆ ಹಾಕಿ ಕೊಡ್ರಿ ಎಂದು ಯಾರೂ ಕೇಳಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಬೆಂಗಳೂರು ನೋಡಿ ಬಂದವರ ಕಥೆಯಾಗುತ್ತಿತ್ತು. ದುಡ್ಡಿದ್ದವರ ದೌಲತ್ತು ಎಂದು ಬೈದು ಮುಗಿಸಬಹುದಿತ್ತು. ಆದರೆ ಲಾಡ್ಜ್‌ಗೆ ಬಂದು ಮಲಗಿದಾಗ ನಮಗೆ ನೆನಪಾದದ್ದು ನಮ್ಮದೇ ಒಂದು ಕೆಲಸ. ಅದನ್ನು ಒಪ್ಪಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಎರಡು ತಿಂಗಳ ಹಿಂದೆ ನಮ್ಮ ಮನೆಯ ವಾಸ್ತುಶಾಂತಿ. ಊಟಕ್ಕೆ 500 ರೊಟ್ಟಿ ಬೇಕಿತ್ತು. ಓಣಿಯಲ್ಲಿ ರೊಟ್ಟಿ ಮಾಡಿಕೊಡುವ ಅಕ್ಕನ ಬಳಿ ಹೋದೆವು. ಒಂದಕ್ಕೆ 8 ರೂಪಾಯಿ ಎಂದರು. ನಾವು 6ಕ್ಕೆ ಕೇಳಿದೆವು. ಐನೂರು ಹೇಳಾಕತ್ತೀವಿ, ಸ್ವಲ್ಪ ನೋಡಿ ಮಾಡ್ರಿ ಅಕ್ಕಾರ ಎಂದೆವು. ಕಡೆಗೆ 7ಕ್ಕೆ ಒಪ್ಪಿಸಿದೆವು. 500 ರೂಪಾಯಿ ಉಳಿಸಿದೆವೆಂದು ಮನೆಯಲ್ಲಿ ಹೇಳಿಕೊಂಡೆವು ಕೂಡ.

ಈಗ ಲೆಕ್ಕ ಹಾಕೋಣ. 500 ರೊಟ್ಟಿಗೆ ಸುಮಾರು 30 ಕೆ.ಜಿ. ಜೋಳ. ಕೆ.ಜಿ.ಗೆ 40 ರೂಪಾಯಿ ಹಿಡಿದರೆ 1,200. ಗಿರಣಿ, ಕಟ್ಟಿಗೆ ಸೇರಿ 400. ಒಟ್ಟು ಖರ್ಚು 1,600. ಇಬ್ಬರು ಹೆಣ್ಣುಮಕ್ಕಳು ಎರಡು ದಿನ ಒಲೆಯ ಮುಂದೆ ಕೂತಿದ್ದರು. 8 ರೂಪಾಯಿ ದರಕ್ಕೆ ಅವರ ಕೈಗೆ ಉಳಿಯುತ್ತಿದ್ದದ್ದು 2,400, ಅಂದರೆ ಒಬ್ಬರಿಗೆ ದಿನಕ್ಕೆ 600. ನಾವು ಕೊಟ್ಟ 7 ರೂಪಾಯಿಗೆ ಉಳಿದದ್ದು 1,900, ಒಬ್ಬರಿಗೆ ದಿನಕ್ಕೆ 475.

ನಾವು ಇಳಿಸಿದ್ದರಿಂದ ಜೋಳದ ದರ ಇಳಿಯಲಿಲ್ಲ. ಗಿರಣಿಯವನು ಕಡಿಮೆ ತೆಗೆದುಕೊಳ್ಳಲಿಲ್ಲ. ಕಟ್ಟಿಗೆಯೂ ಅಗ್ಗವಾಗಲಿಲ್ಲ. ಇಳಿದದ್ದು ಅವರ ಕೂಲಿ ಒಂದೇ. ಆ 500 ರೂಪಾಯಿ ಪೂರ್ತಿ ಆ ಇಬ್ಬರ ಕೈಯಿಂದಲೇ ಹೋಯಿತು. ಅಷ್ಟು ಮಾಡಿ ಉಳಿಸಿದ ದುಡ್ಡಿಗೆ ಬೆಂಗಳೂರಿನಲ್ಲಿ ಒಂದು ಬುಟ್ಟಿ ಕಡಬೂ ಬರುತ್ತಿರಲಿಲ್ಲ.

ಓದುಗರು ಕೇಳಬಹುದು: ಆ ರೆಸ್ಟೋರೆಂಟಿನಲ್ಲಿ ಬಾಡಿಗೆ, ಎ.ಸಿ., ಹೊರಗಿಂದ ತರಿಸಿದ ಸಾಮಾನು, ಅದಕ್ಕೆಲ್ಲ ದುಡ್ಡು. ರೊಟ್ಟಿಗೆ ಆ ದರ ಹೇಳಿದರೆ ಹಳ್ಳಿಯವರು ಉಣ್ಣುವುದು ಹೇಗೆ? ಮಾತು ಖರೆ. ಅಲ್ಲಿಯ 700 ರೂಪಾಯಿ ಎಲ್ಲವೂ ಮಡಿಕೆ ಹಾಕಿದ ಕೈಗೆ ಹೋಗುತ್ತದೆ ಎಂದೂ ನಾವು ಹೇಳುವುದಿಲ್ಲ. ರಾಯಬಾಗದ ಆ ತಮ್ಮ ಒಂದೇ ಕೋಣೆಯಲ್ಲಿ ಐದು ಜನರ ಜತೆ ಇರುತ್ತಾನೆ.

ಬಿಲ್ಲಿನಲ್ಲಿ ನೂರಕ್ಕೆ ಹತ್ತರಂತೆ ಸರ್ವಿಸ್ ಚಾರ್ಜ್ ಹಾಕಿದ್ದರು. ಇದು ನಿಮಗೂ ಗೊತ್ತಿರಲಿ. ಸರ್ವಿಸ್ ಚಾರ್ಜನ್ನು ಗಿರಾಕಿಯ ಮೇಲೆ ತಾವಾಗಿಯೇ ಹೇರುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಬೇಡವೆಂದರೆ ತೆಗೆಯಬೇಕು. ಗೆಳೆಯ ಕೇಳಿದ, ಅವರು ತಕರಾರಿಲ್ಲದೆ ತೆಗೆದರು. ಆ ದುಡ್ಡನ್ನು ನಾವು ಆ ಹುಡುಗನ ಕೈಗೇ ಕೊಟ್ಟೆವು.

ನಾವು ರೊಟ್ಟಿಗೆ 700 ಕೇಳುತ್ತಿಲ್ಲ. ನಮ್ಮ ಮಾತು ಇಷ್ಟೇ. ತಿನ್ನುವ ವಸ್ತು ಅಗ್ಗ ಇರಲಿ, ಆದರೆ ಅದನ್ನು ಅಗ್ಗ ಮಾಡಲು ಹೆಣ್ಣುಮಕ್ಕಳ ಕೂಲಿ ಕತ್ತರಿಸುವುದು ಬೇಡ.

ಇದು ಆಗದ ಮಾತೇನಲ್ಲ. ನಮ್ಮೂರ ಕರದಂಟನ್ನೇ ನೋಡಿ. ತುಪ್ಪದಲ್ಲಿ ಕರಿದ ಅಂಟು, ಒಣ ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲದ ಪಾಕ. ಇದೂ ಮೊದಲು ಬಾಣಂತಿಯರಿಗೆ ಮನೆಮನೆಯಲ್ಲಿ ಮಾಡುತ್ತಿದ್ದ ಅಂಟಿನುಂಡಿಯ ಬಳಗದ್ದೇ. ಇವತ್ತು ಅದಕ್ಕೆ ಡಬ್ಬಿ ಇದೆ, ಊರಿನ ಹೆಸರಿದೆ, ಗೋಡೆಯ ಮೇಲೆ ದರಪಟ್ಟಿ ಇದೆ. ಅಂಗಡಿಗೆ ಹೋಗಿ ಅರ್ಧ ಕೆ.ಜಿ. ಎನ್ನುತ್ತೇವೆ, ಬರೆದಷ್ಟು ಕೊಡುತ್ತೇವೆ, ಬರುತ್ತೇವೆ. ಅದೇ ನಾವು ರೊಟ್ಟಿಯ ಅಕ್ಕನ ಬಾಗಿಲಿಗೆ ಹೋದಾಗ ಮಾತ್ರ ಬಾಯಿ ಬರುತ್ತದೆ. ಯಾಕೆ? ಅಲ್ಲಿ ಬೋರ್ಡು ಇಲ್ಲ. ಕುರ್ಚಿಯ ಮೇಲೆ ಗಂಡಸು ಕೂತಿಲ್ಲ. ರೊಟ್ಟಿ ನಮ್ಮ ಮನೆಯಲ್ಲೂ ಆಗುತ್ತದೆ. ಮನೆಯಲ್ಲಿ ಅವ್ವ, ಹೆಂಡತಿ ಪುಕ್ಕಟೆ ಮಾಡುವುದಕ್ಕೆ ಹೊರಗೆ ದರ ಯಾಕೆ ಎಂಬುದು ನಮ್ಮ ತಲೆಯಲ್ಲಿ ಕೂತಿದೆ.

ಕಾಕ್‌ಟೇಲ್ ಕಲಿಸುವ ಹುಡುಗನ ಮುಂದೆ ಜನ ನಿಂತು ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಿದ್ದರು. ಸೆರೆಗೆ ಹಣ್ಣಿನ ರಸ ಕೂಡಿಸಿ, ಮೇಲೊಂದು ಹೂವು ಇಟ್ಟು ಕೊಡುವುದು ಒಂದು ವಿದ್ಯೆ ಎಂದು ಅಲ್ಲಿ ಒಪ್ಪಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಸೆರೆ ಎಷ್ಟು ಮನೆ ಕೆಡಿಸಿದೆ ಎಂದು ನಾವೇ ವರದಿ ಬರೆದಿದ್ದೇವೆ, ಹಾಗಾಗಿ ಅದನ್ನು ಹೊಗಳುವುದಿಲ್ಲ. ಆದರೆ ಗ್ಲಾಸು ಕುಲುಕುವುದು ವಿದ್ಯೆಯಾದರೆ ಕುದಿಯುವ ಹಿಟ್ಟು ನಾದುವುದು ಯಾಕೆ ವಿದ್ಯೆಯಲ್ಲ?

ದರ ಇಳಿಸುತ್ತ ಹೋದರೆ ಏನಾಗುತ್ತದೆ ಎಂಬುದಕ್ಕೆ ಮಂಚೂರಿಯೇ ಸಾಕ್ಷಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆಗ ಪರೀಕ್ಷೆ ಮಾಡಿದ 171 ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಗಾಡಿಯವರೆಲ್ಲ ಕೆಟ್ಟವರೆಂದು ನಾವು ಹೇಳುವುದಿಲ್ಲ. ಕೈತುಂಬ ಬೇಕು, ಕೆಂಪಗೆ ಬೇಕು, ಅಗ್ಗಕ್ಕೆ ಬೇಕು ಎಂದವರು ಗಿರಾಕಿಗಳಾದ ನಾವೇ. ಒಳ್ಳೆಯ ಮೆಣಸಿನಕಾಯಿಗೆ ದುಡ್ಡು ಸಾಲದೇ ಹೋದಾಗ ಪುಡಿ ಬಣ್ಣ ಒಳಗೆ ಬರುತ್ತದೆ. ರೊಟ್ಟಿಗೆ ಇನ್ನೂ ಆ ಗತಿ ಬಂದಿಲ್ಲ. ಅವರು ಕೂಲಿ ಬಿಟ್ಟಿದ್ದಾರೆ, ಜೋಳದಲ್ಲಿ ಮೋಸ ಮಾಡಿಲ್ಲ.

ಊರಿಗೆ ಬಂದ ಮೇಲೆ ಆ 500 ರೂಪಾಯಿ ಕೊಟ್ಟು ಬರೋಣವೆಂದು ಅಕ್ಕನ ಮನೆಗೆ ಹೋದೆವು. ಅವರು ತೆಗೆದುಕೊಳ್ಳಲಿಲ್ಲ. "ಮುಗದ ವ್ಯವಹಾರ ಐತ್ರಿ ತಮ್ಮಾರ. ಈಗ ತಗೊಂಡ್ರ ದಾನ ಆಗ್ತೈತಿ. ನನಗ ದಾನ ಬ್ಯಾಡ. ಮುಂದಿನ ಸಲ ಹೇಳಿದ ದರಕ್ಕ ಹೂಂ ಅನ್ರಿ, ಸಾಕು."

ನಾಚಿಕೆಯಾಯಿತು. ಅವರ ಒಪ್ಪಿಗೆ ಕೇಳಿ ನಾವು ಮಾಡಿದ್ದು ಒಂದೇ ಕೆಲಸ. ಒಂದು ರಟ್ಟಿನ ಮೇಲೆ ದರ ಬರೆದು ಬಾಗಿಲ ಬಾಜೂಕಿಗೆ ತೂಗುಹಾಕಿದೆವು: ಬಿಸಿ ರೊಟ್ಟಿ 8, ಕಟಕ ರೊಟ್ಟಿ 9. ಕೆಳಗೆ ಅವರ ಹೆಸರು. ಒಂದು ವಾರದ ನಂತರ ಕೇಳಿದಾಗ, ಚೌಕಾಶಿ ಪೂರ್ತಿ ನಿಂತಿಲ್ಲ, ಆದರೆ ಕಡಿಮೆಯಾಗಿದೆ ಎಂದರು.

ನಿಮ್ಮೂರಿನಲ್ಲೂ ರೊಟ್ಟಿ, ಶೇಂಗಾ ಹೋಳಿಗೆ, ಉಂಡಿ ಮಾಡಿಕೊಡುವವರು ಇದ್ದಾರೆ. ಮಹಿಳಾ ಸಂಘದವರಿದ್ದರೆ ಎಲ್ಲರೂ ಕೂಡಿ ಒಂದೇ ದರ ಬರೆದು ಹಾಕಲಿ, ಆಗ ಒಬ್ಬರ ಮೇಲೆ ಇನ್ನೊಬ್ಬರನ್ನು ಎತ್ತಿಕಟ್ಟಿ ದರ ಇಳಿಸಲು ಆಗುವುದಿಲ್ಲ. ಓದು ಬರಹ ಬಲ್ಲ ಹುಡುಗರು ಆ ಬೋರ್ಡು ಬರೆದುಕೊಡಿ. ಜೋಳ, ಗಿರಣಿ, ಕಟ್ಟಿಗೆ, ಕೂಲಿ ಬೇರೆ ಬೇರೆ ಬರೆದು ಲೆಕ್ಕ ಹಾಕಿಕೊಡಿ.

ಮುಂದೆ ಪಂಚಮಿ ಬರುತ್ತದೆ, ಆಮೇಲೆ ಲಗ್ನದ ಸುಗ್ಗಿ. ನೂರು, ಇನ್ನೂರು ರೊಟ್ಟಿ ಹೇಳಲು ಯಾರದಾದರೂ ಬಾಗಿಲಿಗೆ ಹೋಗುತ್ತೀರಿ. ಅವರು ದರ ಹೇಳುತ್ತಾರೆ. ಒಮ್ಮೆ ಹೂಂ ಎಂದು ನೋಡಿ.