ಚಳಿಗಾಲಕ್ಕೆ ಮಲಗುವ ಚಕ್ರದ ಮನೆ

ಹೊರಾಂಗಣ ಚಿತ್ರೀಕರಣ ನೋಡೋಕೆ ಹೋದ ನಮ್ಮ ಹುಡುಗರ ಕಣ್ಣು ಮೊದಲು ಬೀಳುವುದು ಎಲ್ಲಿಗೆ ಹೇಳಿ? ನಾಯಕ ಒಳಗೆ ಕೂತಿರುವ ಕ್ಯಾರವಾನ್ ಮೇಲೆ! ಅವನು ಏಸಿಯಲ್ಲಿ, ನಾವು ಬಿಸಿಲಲ್ಲಿ. ಇರಲಿ ಬಿಡಿ. ಅಮೆರಿಕದಲ್ಲಿ ಇದರ ಅಣ್ಣನಂಥ ಬಂಡಿ ಸಾಮಾನ್ಯ ಸಂಸಾರಸ್ಥರ ಹತ್ತಿರವೂ ಇರುತ್ತದೆ. ಅಡುಗೆಮನೆ, ಹಾಸಿಗೆ, ಕಕ್ಕಸು ಎಲ್ಲಾ ಒಂದೇ ಬಸ್ಸಿನೊಳಗೆ. ಹೆಸರು ಮೋಟಾರ್‌ಹೋಮ್. ಬೇಸಿಗೆಯೆಲ್ಲ ಊರೂರು ಸುತ್ತಿ, ಹಿಮ ಬೀಳುವ ಹೊತ್ತಿಗೆ ಮನೆ ಹಿಂದಿನ ಹುಲ್ಲಿನ ಮೇಲೆ ನಿಲ್ಲಿಸಿ ಬೀಗ ಜಡಿಯುತ್ತಾರೆ. ಅಸಲಿ ಸಸ್ಪೆನ್ಸ್ ಶುರುವಾಗುವುದೇ ಆಗ!

1954ರಲ್ಲಿ ಬಂದ ‘ದಿ ಲಾಂಗ್, ಲಾಂಗ್ ಟ್ರೈಲರ್’ ನೋಡಿದವರಿಗೆ ಇದು ಗೊತ್ತು. ಲೂಸಿಲ್ ಬಾಲ್, ಡೆಸಿ ಆರ್ನಾಜ್ ಜೋಡಿ. ಕಾರಿನ ಹಿಂದೆ ಮನೆ ಕಟ್ಟಿಕೊಂಡು ಹೊರಟ ಹೊಸ ಮದುಮಕ್ಕಳು. ಮಳೆಯಲ್ಲಿ ಮಣ್ಣುದಾರಿಗೆ ಇಳಿದದ್ದೇ ತಡ, ಮನೆ ಹೂತು ವಾಲಿಕೊಂಡಿತು. ಥಿಯೇಟರಿನಲ್ಲಿ ನಗು. ಸ್ವಂತ ಗಾಡಿಯಾಗಿದ್ದರೆ ಅಳು!

ಹುಲ್ಲು ನೋಡೋಕೆ ಹಾಸಿಗೆ. ಕೆಳಗಿನ ಮಣ್ಣು ಮಾತ್ರ ನೀರು ಕುಡಿದು ಕೂತಿರುತ್ತದೆ. ಟನ್‌ಗಟ್ಟಲೆ ಭಾರ ನಾಲ್ಕಾರು ಟೈರಿನ ಪಾದದ ಮೇಲೆ. ಚಳಿಯಲ್ಲಿ ಗಟ್ಟಿಯಾದ ನೆಲ ವಸಂತದಲ್ಲಿ ಕರಗಿ ಕೆಸರಾದಾಗ ಒಂದು ಚಕ್ರ ಹೆಚ್ಚು, ಇನ್ನೊಂದು ಕಡಿಮೆ ಇಳಿದು ಗಾಡಿಯ ಮೈ ತಿರುಚಿಕೊಳ್ಳುತ್ತದೆ. ಇತ್ತ ಹುಲ್ಲಿನ ತೇವ ತಿಂಗಳಾನುಗಟ್ಟಲೆ ಮೇಲೇರಿ ಚಾಸಿಗೂ ಬ್ರೇಕ್ ಪೈಪಿಗೂ ತುಕ್ಕು ಹಿಡಿಸುತ್ತದೆ. ಇಲಿರಾಯರು ಒಳಗೆ ನುಗ್ಗಿ ವೈರು ಕಡಿಯುವುದು ಬೋನಸ್ಸು!

ಸಿಮೆಂಟು ಅಥವಾ ಜಲ್ಲಿ ನೆಲ ಸಿಕ್ಕರೆ ಅದೇ ಉತ್ತಮ. ಹುಲ್ಲೇ ಗತಿ ಅನ್ನುವವರು ನೀರು ನಿಲ್ಲದ ಎತ್ತರದ ಜಾಗ ಹುಡುಕಬೇಕು. ಮೊದಲು ಹುಲ್ಲು ಕತ್ತರಿಸಬೇಕು, ಏಕೆಂದರೆ ಕಾದ ಸೈಲೆನ್ಸರ್‌ಗೆ ಒಣಹುಲ್ಲು ತಾಗಿದರೆ ಬೆಂಕಿ. ಪ್ರತಿ ಚಕ್ರದಡಿ ದಪ್ಪ ಹಲಗೆ ಹಾಕಬೇಕು. ಟೈರಿನ ಪಾದ ಪೂರ್ತಿ ಅದರ ಮೇಲೆ ಕೂರಬೇಕು, ಅಂಚು ಹೊರಗೆ ಚಾಚಬಾರದು. ನೀರು ಹೆಪ್ಪುಗಟ್ಟಿದರೆ ಸುಮಾರು 9% ಹಿಗ್ಗಿ ಪೈಪು ಸೀಳುತ್ತದೆ. ಆದ್ದರಿಂದ ಟ್ಯಾಂಕು, ಪೈಪು ಖಾಲಿ ಮಾಡಿ ಪ್ರೊಪಿಲೀನ್ ಗ್ಲೈಕಾಲ್ ಇರುವ ಗುಲಾಬಿ ದ್ರವ ಹಾಯಿಸುತ್ತಾರೆ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಕುಡಿಯುವ ನೀರಿನ ಪೈಪಿಗೆ ಅದು ಕೂಡದು. ಬ್ಯಾಟರಿಯ ಸಂಪರ್ಕ ಬಿಚ್ಚಿ, ಚಾರ್ಜು ಇಳಿಯದಂತೆ ಕಾಯಬೇಕು. ಹೊದಿಕೆ ಗಾಳಿಯಾಡುವ ಬಟ್ಟೆಯದಿರಲಿ, ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರುತ್ತದೆ.

‘ಅಷ್ಟೊಂದು ಉಪಚಾರ ಯಾಕ್ರೀ ಒಂದು ಗಾಡಿಗೆ?’ ಅಂತೀರಾ? 2002ರ ‘ಅಬೌಟ್ ಶ್ಮಿಟ್’ ನೋಡಿ. ನಿವೃತ್ತನಾದ ಜಾಕ್ ನಿಕಲ್ಸನ್ ಮನೆ ಮುಂದೆ 35 ಅಡಿಯ ವಿನ್ನೆಬೇಗೊ. ಜೊತೆಯಾಗಿ ತಿರುಗೋಣ ಅಂತ ಕನಸು ಕಂಡ ಹೆಂಡತಿ ಹಠಾತ್ತನೆ ತೀರಿಕೊಳ್ಳುತ್ತಾಳೆ. ಉಳಿಯುವುದು ಗಾಡಿ ಮತ್ತು ಒಬ್ಬ ಮುದುಕ! 2020ರ ‘ನೋಮ್ಯಾಡ್‌ಲ್ಯಾಂಡ್’ನಲ್ಲಿ ಫ್ರಾನ್ಸಿಸ್ ಮೆಕ್‌ಡಾರ್ಮಂಡ್‌ಗೆ ವ್ಯಾನೇ ಮನೆ. ಅದು ಕೆಟ್ಟಾಗ, ರಿಪೇರಿ ದಂಡ, ಬೇರೆ ತಗೊಳ್ಳಿ ಎಂಬ ಸಲಹೆ ಬರುತ್ತದೆ. ಆಕೆ ಒಪ್ಪುವುದಿಲ್ಲ. ಒಡಹುಟ್ಟಿದವಳ ಎದುರು ಕೈ ಚಾಚಿ ಸಾಲ ತರುತ್ತಾಳೆ. ಮೂರು ಆಸ್ಕರ್ ಬಂದ ಚಿತ್ರ. ನನ್ನನ್ನು ಕೇಳಿದರೆ ಒಂದು ಆಸ್ಕರ್ ಆ ವ್ಯಾನಿಗೇ ಸಲ್ಲಬೇಕಿತ್ತು!

ನಮ್ಮಲ್ಲಿ ಹಿಮವಿಲ್ಲ ನಿಜ, ಮಳೆಗಾಲ ಇದೆಯಲ್ಲ! ಯೂನಿಟ್ಟಿನ ಗಾಡಿ ಓಡಿಸುವ, ತೊಳೆಯುವ, ಲೈಟು ಹೊರುವ ಗೆಳೆಯರೇ, ಮೈದಾನದಲ್ಲಿ ಗಾಡಿ ನಿಲ್ಲಿಸುವ ಮುಂಚೆ ನಾಲ್ಕು ಹಲಗೆ ಹಾಕಿ. ಕ್ಯಾರವಾನ್ ಕೆಸರಿನಲ್ಲಿ ಹೂತರೆ ಹೀರೋ ಇಳಿದು ತಳ್ಳುವುದಿಲ್ಲ. ಅವನು ಸ್ಟೂಲ್ ಹಾಕಿಸಿಕೊಂಡು ನೋಡುತ್ತಾನೆ. ತಳ್ಳುವವರು ನೀವೇ!